ಹಿಮದೂರಿನ ಹಾಡು, ಅಟ್ಟದ ಮೇಲಿನ ಪೆಟ್ಟಿಗೆ

ಬೇಸಿಗೆ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ದಬ್ಬೇಘಟ್ಟಕ್ಕೆ ಬಂದಿದ್ದಳು. ಎಂಟನೇ ತರಗತಿ ಮುಗಿಸಿದ ಹುಡುಗಿ. ಬಂದ ಮೂರನೇ ದಿನ ಅಟ್ಟದಿಂದ ಕೊಬ್ಬರಿ ಕಾಯಿ ಇಳಿಸಿ ಸುಲಿಸುವ ಕೆಲಸ ಇಟ್ಟುಕೊಂಡಿದ್ದೆ. ಆಳುಗಳು ಸುಲಿದು ರಾಶಿ ಹಾಕುತ್ತಿದ್ದರು. ನಾನು ಕುರ್ಚಿ ಹಾಕಿಕೊಂಡು ನೂರಕ್ಕೊಂದು ಗೆರೆ ಎಳೆಯುತ್ತಿದ್ದೆ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿ ಲೆಡ್ಜರ್ ಬರೆದವನು ನಾನು. ಲೆಕ್ಕ ತಾಳೆಯಾಗದಿದ್ದರೆ ಇವತ್ತಿಗೂ ಊಟ ಸೇರುವುದಿಲ್ಲ.

ಮೊಮ್ಮಗಳು ಹುಣಸೆಮರದ ನೆರಳಲ್ಲಿ ಕೂತು ಕಿವಿಗೆ ಎರಡು ಬಿಳಿ ಗುಂಡಿ ಸಿಕ್ಕಿಸಿಕೊಂಡು ತಲೆ ಆಡಿಸುತ್ತಿದ್ದಳು. ಬಂದಾಗಿನಿಂದ ಇದೇ ಆಗಿತ್ತು. ಕರೆದರೆ ಕೇಳಿಸದು, ಕೇಳಿಸಿದರೆ "ಹ್ಞೂಂ ತಾತ" ಅನ್ನುವ ಎರಡು ಮಾತು. ಅವಳ ಅಜ್ಜಿ ಇದ್ದಾಗ ಹೀಗಿರಲಿಲ್ಲ. ಆಕೆ ಹೋಗಿ ಐದು ವರ್ಷವಾಯಿತು. ಆಗ ಈ ಮಗು ಮೂರನೇ ಕ್ಲಾಸು. ಅಜ್ಜಿಯ ಸೆರಗು ಹಿಡಿದುಕೊಂಡು ಅಡುಗೆಮನೆಗೂ ಕೊಟ್ಟಿಗೆಗೂ ಓಡಾಡುತ್ತಿದ್ದವಳಿಗೆ ಈಗ ತಾತನ ಜೊತೆ ಏನು ಮಾತಾಡುವುದು ಎಂದು ತಿಳಿಯದು. ತಾತನಿಗೂ ತಿಳಿಯದು.

ಸುಲಿದ ಕಾಯಿಯೊಂದನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದೆ. ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯಲ್ಲಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೇ ಲೊಡಲೊಡ ಅನ್ನುತ್ತದೆ. ಹಾಗೆ ಅಂದರೆ ಉಂಡೆ ಕೊಬ್ಬರಿ ಹದಕ್ಕೆ ಬಂತೆಂದು ಅರ್ಥ. ಅವಳು ಅದನ್ನು ನೋಡಿ ನಕ್ಕಳು. ಒಂದು ಗುಂಡಿ ಕಿತ್ತು, "ತಾತ, ಇದ್ರಲ್ಲೂ ಹಂಗೇ ಒಂದು ಸೌಂಡ್ ಬರುತ್ತೆ, ಕೇಳು" ಎಂದು ನನ್ನ ಕಿವಿಗೆ ಇಟ್ಟಳು.

ಮೊದಲು ಕಿವಿಗೆ ಬಿದ್ದದ್ದು ಕಹಳೆ. ನಮ್ಮೂರಿನ ಮದುವೆಗೆ ಬರುವ ಬ್ಯಾಂಡ್‌ಸೆಟ್ಟಿನ ಟ್ರಂಪೆಟ್ ಹಾಗೆಯೇ. ಆಮೇಲೆ ಹತ್ತಾರು ಜನ ಒಟ್ಟಿಗೆ "ಹೇ" ಎಂದು ಕೂಗಿದರು. ಸೋಮನ ಕುಣಿತದಲ್ಲಿ ಅರೆ ಬಡಿಯುವವರು ಹುರುಪು ಬಂದಾಗ ಕೇಕೆ ಹಾಕುತ್ತಾರಲ್ಲ, ಅದೇ. ಒಬ್ಬ ಹೆಂಗಸು ಹಾಡುತ್ತಾಳೆ, ಒಬ್ಬ ಗಂಡಸು ಉತ್ತರ ಕೊಡುತ್ತಾನೆ. ಡ್ರಮ್ಮಿನ ಏಟು ಸ್ವಲ್ಪ ಜಾಸ್ತಿಯೇ ಎನಿಸಿತು, ಅದನ್ನು ಈಗಲೂ ಹೇಳುತ್ತೇನೆ. ಆದರೆ ಅದರ ಕೆಳಗೆ ಸಣ್ಣಗೆ ಎಳೆಯುತ್ತಿದ್ದ ಇನ್ನೊಂದು ನಾದವಿತ್ತು. ಅದನ್ನು ಕೇಳಿ ನಾನು ನೂರರ ಲೆಕ್ಕ ತಪ್ಪಿದೆ.

"ಇದು ಹಾರ್ಮೋನಿಯಂ ಅಲ್ವೇನಮ್ಮ?"

"ಅಕಾರ್ಡಿಯನ್ ತಾತ. ಇವರು ಐಸ್‌ಲ್ಯಾಂಡಿನವರು."

ತಂಡದ ಹೆಸರು 'ಆಫ್ ಮಾನ್‌ಸ್ಟರ್ಸ್ ಅಂಡ್ ಮೆನ್'. ರಾಕ್ಷಸರೂ ಮನುಷ್ಯರೂ ಎಂದು ಹೇಳಿಕೊಳ್ಳಬಹುದು. ಹಾಡಿನ ಹೆಸರು 'ಲಿಟ್ಲ್ ಟಾಕ್ಸ್', ಅಂದರೆ ಪುಟ್ಟ ಮಾತುಗಳು. ಇದು ಯಾವ ಬಗೆಯ ಸಂಗೀತ ಎಂದು ಕೇಳಿದ್ದಕ್ಕೆ "ಇಂಡಿ" ಎಂದಳು. ಇಂಡಿ ಎಂದರೆ ನನಗೆ ಗೊತ್ತಿರುವುದು ವಿಜಯಪುರ ಜಿಲ್ಲೆಯ ನಿಂಬೆಹಣ್ಣಿನ ಊರು. ಹಾಗೆಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, "ಇಂಡಿಪೆಂಡೆಂಟ್ ಅನ್ನೋದನ್ನ ಚಿಕ್ಕದು ಮಾಡಿದ್ದಾರೆ ತಾತ" ಎಂದು ತಿಳಿಸಿದಳು. ದೊಡ್ಡ ಕಂಪನಿ ಹೇಳಿದಂತೆ ಕೇಳದೆ ತಮ್ಮ ಹಾಡು ತಾವೇ ಕಟ್ಟಿ, ತಮ್ಮ ಕೈಯ ಕಾಸಲ್ಲೇ ಶುರುಮಾಡುವವರು. ಹಾಗೆ ನೋಡಿದರೆ ನಮ್ಮ ದೇವಸ್ಥಾನದ ಭಜನೆ ತಂಡವೂ ಇಂಡಿಯೇ.

ಮಕ್ಕಳೇ, ಐಸ್‌ಲ್ಯಾಂಡನ್ನು ನಕಾಶೆಯಲ್ಲಿ ಹುಡುಕಿ. ಯೂರೋಪಿನ ವಾಯವ್ಯಕ್ಕೆ ಅಟ್ಲಾಂಟಿಕ್ ಸಾಗರದ ನಡುವೆ ಒಂಟಿಯಾಗಿ ಕೂತಿದೆ. ವಿಸ್ತೀರ್ಣ ಸುಮಾರು 1.03 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ ನಾಲ್ಕು ಲಕ್ಷ ಮುಟ್ಟಿಲ್ಲ. 2011ರ ಜನಗಣತಿಯಲ್ಲಿ ನಮ್ಮ ತುಮಕೂರು ಜಿಲ್ಲೆಯೊಂದರಲ್ಲೇ ಸುಮಾರು 26.8 ಲಕ್ಷ ಜನರಿದ್ದರು. ಅಲ್ಲಿ ಜ್ವಾಲಾಮುಖಿಗಳಿವೆ, ಹಿಮನದಿಗಳಿವೆ, ನೆಲದೊಳಗಿಂದ ಬಿಸಿನೀರು ಚಿಮ್ಮುತ್ತದೆ, ಮರಗಳು ಕಡಿಮೆ. ತೆಂಗಿನಮರದ ಮಾತಂತೂ ಎತ್ತಲೇಬೇಡಿ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ನಾಲ್ಕು ಗಂಟೆ ಇದ್ದರೆ ಹೆಚ್ಚು. ಉಳಿದ ಇಪ್ಪತ್ತು ಗಂಟೆ ಜನ ಮನೆಯೊಳಗೆ ಕೂತು ಏನು ಮಾಡಬೇಕು? ಹಾಡಬೇಕು, ಇಲ್ಲ ಕಥೆ ಹೇಳಬೇಕು.

ಅವರ ಹೆಸರುಗಳೂ ನನಗೆ ಹಿಡಿಸಿದವು. ಹಾಡುವ ಹುಡುಗಿ ನನ್ನಾ ಬ್ರಿಂಡಿಸ್ ಹಿಲ್ಮಾರ್ಸ್‌ಡೋಟ್ಟಿರ್. ಡೋಟ್ಟಿರ್ ಎಂದರೆ ಮಗಳು, ಹಾಗಾಗಿ ಹಿಲ್ಮಾರನ ಮಗಳು. ಜೊತೆಗೆ ಹಾಡುವವನು ರಗ್ನಾರ್ ಥೋರ್‌ಹಾಲ್ಸನ್, ಅಂದರೆ ಥೋರ್‌ಹಾಲನ ಮಗ. ಅಲ್ಲಿ ಹೆಚ್ಚಿನವರಿಗೆ ಮನೆತನದ ಅಡ್ಡಹೆಸರೇ ಇಲ್ಲ, ತಂದೆಯ ಹೆಸರೇ ಗುರುತು. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಎಷ್ಟೋ ಜನಕ್ಕೆ "ನಿಮ್ಮ ಇನಿಷಿಯಲ್ ಯಾವುದು, ಅಪ್ಪನ ಹೆಸರೇನು" ಎಂದು ಕೇಳಿ ಬರೆದುಕೊಂಡವನು ನಾನು. ಐಸ್‌ಲ್ಯಾಂಡಿನ ಬ್ಯಾಂಕಿನಲ್ಲಾದರೆ ಆ ಕಾಲಂ ಬೇಕಾಗುತ್ತಿರಲಿಲ್ಲ, ಹೆಸರಲ್ಲೇ ಅಪ್ಪ ಕೂತಿದ್ದಾನೆ.

ಈ ತಂಡ ಮೇಲೆ ಬಂದ ಬಗೆಯೂ ಕೇಳುವಂಥದ್ದು. ರೇಕ್ಯಾವಿಕ್‌ನಲ್ಲಿ 1982ರಿಂದ ಎಳೆಯರ ತಂಡಗಳಿಗೆಂದೇ ಮ್ಯೂಸಿಕ್‌ಟಿಲ್‌ರಾಯ್ನಿರ್ ಎಂಬ ಸ್ಪರ್ಧೆ ನಡೆಯುತ್ತಿದೆ. ಸಂಗೀತದ ಪ್ರಯೋಗಗಳು ಎಂದು ಅದರ ಅರ್ಥವಂತೆ. 2010ರಲ್ಲಿ ಆಗಷ್ಟೇ ಒಟ್ಟಾಗಿದ್ದ ಇವರು ಅದನ್ನು ಗೆದ್ದರು. ಅದೇ ವರ್ಷ ಅಮೆರಿಕದ ಸಿಯಾಟಲ್‌ನ ರೇಡಿಯೋದವರು ಬಂದು ಒಂದು ಮನೆಯ ಪಡಸಾಲೆಯಲ್ಲಿ ಇವರನ್ನು ಕೂರಿಸಿ ಈ ಹಾಡನ್ನು ಚಿತ್ರೀಕರಿಸಿಕೊಂಡರು. ಮೊಮ್ಮಗಳು ಅದನ್ನು ತೋರಿಸಿದಳು. ಸೋಫಾದ ಅಕ್ಕಪಕ್ಕ ಇಕ್ಕಟ್ಟಿನಲ್ಲಿ ಕೂತು, ಒಬ್ಬರ ಮೊಣಕೈ ಒಬ್ಬರಿಗೆ ತಾಗಿಸಿಕೊಂಡು ಹಾಡುತ್ತಾರೆ. 2011ರಲ್ಲಿ ಮೊದಲ ಆಲ್ಬಂ ಬಂತು. ಮರುವರ್ಷ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು. ಅದೇ ಆಲ್ಬಮ್ಮಿನಲ್ಲಿ ಜೇನುಹುಳಗಳಿಗೂ ಹಕ್ಕಿಗಳಿಗೂ ಯುದ್ಧವಾಗುವ ಹಾಡೊಂದಿದೆ, 'ಡರ್ಟಿ ಪಾಸ್' ಎಂದು. ಮೂರನೇ ತರಗತಿಯ ಮಕ್ಕಳೂ ಬಾಯಿಬಿಟ್ಟುಕೊಂಡು ಕೇಳುವಂಥ ಕಥೆ.

ಇರಲಿ, ಅಕಾರ್ಡಿಯನ್ನಿಗೆ ಬರೋಣ. ಅದೂ ಹಾರ್ಮೋನಿಯಮ್ಮೂ ದಾಯಾದಿಗಳು. ಎರಡರ ಹೊಟ್ಟೆಯಲ್ಲೂ ಲೋಹದ ತೆಳು ನಾಲಿಗೆಗಳ ಸಾಲಿರುತ್ತದೆ, ಅದಕ್ಕೆ ರೀಡ್ ಎನ್ನುತ್ತಾರೆ. ತಿದಿಯಿಂದ ಗಾಳಿ ನುಗ್ಗಿದಾಗ ನಾಲಿಗೆ ಅದುರಿ ನಾದ ಬರುತ್ತದೆ. ಉದ್ದ ನಾಲಿಗೆಗೆ ದಪ್ಪ ಸ್ವರ, ಗಿಡ್ಡ ನಾಲಿಗೆಗೆ ಕೀಚಲು. ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ, ದೆಬೇನ್ ಎಂಬಾತನ ಕೈಯಲ್ಲಿ. ಆಗ ಅದನ್ನು ಕುರ್ಚಿಯ ಮೇಲೆ ಕೂತು ಕಾಲಲ್ಲಿ ತುಳಿಯಬೇಕಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ನಮಗೆ ಅದು ಒಗ್ಗಲಿಲ್ಲ. 19ನೇ ಶತಮಾನದ ಕೊನೆಯ ಭಾಗದಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಎಂಬುವರು ಅದನ್ನು ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆಯಾಗಿ ಮಾಡಿದರು. ಅಲ್ಲಿಂದ ಅದು ನಾಟಕದ ಕಂಪನಿಗಳಿಗೆ ನುಗ್ಗಿತು. ನಮ್ಮ ಜಿಲ್ಲೆಯ ಗುಬ್ಬಿ ಕಂಪನಿಯ ನಾಟಕಗಳನ್ನು ನೋಡಿದ ಹಿರಿಯರಿಗೆ ಲೆಗ್ ಹಾರ್ಮೋನಿಯಂ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಇದಕ್ಕೆ ಪ್ರವೇಶವಿರಲಿಲ್ಲ. ಪರದೇಶದ್ದು, ಗಮಕ ನುಡಿಯದು ಎಂಬುದು ಆಕ್ಷೇಪ. ನಾನು ಹುಡುಗನಾಗಿದ್ದಾಗ ರೇಡಿಯೋದಲ್ಲಿ ಬಾರದ ಪೆಟ್ಟಿಗೆ ಭಜನೆ ಮನೆಯಲ್ಲಿ ರಾತ್ರಿಯೆಲ್ಲ ನುಡಿಯುತ್ತಿತ್ತು.

ಆ ಪೆಟ್ಟಿಗೆಯನ್ನೇ ನಾನು ಕಲಿತದ್ದು. ಬಿ.ಕಾಂ. ಓದುವಾಗ ರಜೆಗೆ ಬಂದಾಗಲೆಲ್ಲ ಭಜನೆಯ ಹಿರಿಯರ ಪಕ್ಕ ಕೂತು ಕಲಿತೆ. ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ಸ್ವಂತದ್ದೊಂದು ಕೊಂಡೆ. ವರ್ಗವಾದ ಊರುಗಳಿಗೆಲ್ಲ ಅದೂ ಬಂತು. ಶನಿವಾರದ ಭಜನೆಗೆ ನನ್ನ ಪೆಟ್ಟಿಗೆ, ಹಿಂದಿನ ಸಾಲಿನಲ್ಲಿ ಮನೆಯಾಕೆಯ ತಾಳ. ನಾನು ಲಯ ಬಿಟ್ಟರೆ ಆಕೆಯ ತಾಳ ಸ್ವಲ್ಪ ಜೋರಾಗುತ್ತಿತ್ತು. ಬೈದದ್ದು ನನಗೊಬ್ಬನಿಗೇ ತಿಳಿಯುತ್ತಿತ್ತು.

ಆಕೆ ಹೋದ ಮೇಲೆ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಭಜನೆಯವರು ಕರೆದರು, ಬೆರಳು ನೋವು ಎಂದೆ. ಬೆರಳಿಗೇನೂ ಆಗಿರಲಿಲ್ಲ.

ಕಾಯಿ ಲೆಕ್ಕ ಮುಗಿದು ಆಳುಗಳು ಹೋದ ಮೇಲೆ ಜಗುಲಿಯಲ್ಲಿ ಕೂತು ಮೊಮ್ಮಗಳನ್ನು ಕೇಳಿದೆ, "ಅವರಿಬ್ಬರೂ ಏನು ಮಾತಾಡಿಕೊಳ್ತಾರೆ ಆ ಹಾಡಿನಲ್ಲಿ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಒಂದು ಹಳೇ ಮನೆ ತಾತ. ಗಂಡ ಹೆಂಡತಿ ಇದ್ರು. ಒಬ್ರು ತೀರಿಹೋಗಿದ್ದಾರೆ. ಉಳಿದವರು ಒಬ್ರೇ ಇರ್ತಾರೆ. ಮೆಟ್ಟಿಲು ಕಿರ್ರ್ ಅಂದ್ರೂ ಅವರಿಗೆ ನಿದ್ದೆ ಬರಲ್ಲ. ಹೋದವರು ಧೈರ್ಯ ಹೇಳ್ತಾರೆ. ಅವರಿಬ್ಬರ ಮಾತೇ ಹಾಡು."

ಇಷ್ಟು ಕುಣಿತದ ಹಾಡಿನೊಳಗೆ ಇಂಥ ಮಾತೇ ಎಂದು ನನಗೆ ಆಶ್ಚರ್ಯವಾಯಿತು. ನಾನು ಏನೂ ಹೇಳಲಿಲ್ಲ. ಅವಳೇ ಕೇಳಿದಳು, "ತಾತ, ನೀನೂ ಅಜ್ಜಿ ಹತ್ರ ಮಾತಾಡ್ತೀಯಲ್ಲ? ಬೆಳಿಗ್ಗೆ ಕಾಫಿ ಕಾಯಿಸುವಾಗ? ನಂಗೆ ಕೇಳಿಸ್ತು."

ಹೌದು, ಮಾತಾಡುತ್ತೇನೆ. ಹಾಲು ಉಕ್ಕಿತು ನೋಡು ಎನ್ನುತ್ತೇನೆ. ಈ ಸಲ ಕೊಬ್ಬರಿ ತಿಪಟೂರು ಮಾರುಕಟ್ಟೆಯಲ್ಲಿ ಇಷ್ಟಕ್ಕೆ ಹೋಯಿತು ಎನ್ನುತ್ತೇನೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಕಿವಿಗೆ ಗುಂಡಿ ಹಾಕಿಕೊಂಡ ಹುಡುಗಿಗೆ ಬೇರೇನೂ ಕೇಳಿಸುವುದಿಲ್ಲ ಎಂದುಕೊಂಡದ್ದೂ ನನ್ನ ತಪ್ಪೇ. "ಅದಕ್ಕೇ ಈ ಹಾಡು ನಿಂಗೆ ಕೇಳಿಸಬೇಕು ಅಂತಿತ್ತು" ಎಂದಳು.

ಮಾತು ಬದಲಿಸಲು, "ನಮ್ಮ ಕಡೆ ಇಂಥ ತಂಡ ಇಲ್ಲವೇನಮ್ಮ?" ಎಂದೆ. ಮಾತು ಬದಲಾಯಿತು, ಮತ್ತೆ ರಾತ್ರಿ ಹತ್ತೂವರೆಯವರೆಗೆ ನಿಲ್ಲಲಿಲ್ಲ.

ಮೊದಲು ತೋರಿಸಿದ್ದು 'ಸ್ವರಾತ್ಮ'. ಬೆಂಗಳೂರಿನ ತಂಡ. ಮುಂದೆ ನಿಂತು ಹಾಡುವವರು ಮೈಸೂರಿನ ವಾಸು ದೀಕ್ಷಿತ್. ಡ್ರಮ್ಮು, ಗಿಟಾರು ಇವೆ, ಜೊತೆಗೆ ಪಿಟೀಲೂ ಇದೆ. ಸಂಜೀವ್ ನಾಯಕ್ ಎಂಬುವರು ನುಡಿಸುತ್ತಾರೆ. ಪಿಟೀಲು ಕೂಡ ಹೊರಗಿನಿಂದ ಬಂದದ್ದೇ ತಾನೇ. ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ನಮ್ಮ ಸಂಗೀತಕ್ಕೆ ಸೇರಿ, ಮೈಸೂರಿನ ಟಿ. ಚೌಡಯ್ಯನವರ ಕೈಯಲ್ಲಿ ಏಳು ತಂತಿಯದಾಗಿ ಗುಡುಗಿತು. ಈಗ ಅದನ್ನು ಯಾರು ಪರದೇಶಿ ಎನ್ನುತ್ತಾರೆ? ಗಿಟಾರಿಗೂ ಇನ್ನೈವತ್ತು ವರ್ಷ ಕೊಡಿ.

ಸ್ವರಾತ್ಮದ ದೃಶ್ಯವೊಂದರಲ್ಲಿ ವಾಸು ಅವರು ಸೊಂಟಕ್ಕೆ ಬಟ್ಟೆಯ ಕುದುರೆ ಕಟ್ಟಿಕೊಂಡು ವೇದಿಕೆಯ ತುಂಬ ಕುಣಿಯುತ್ತ ಹಾಡುತ್ತಾರೆ. "ಅರೆ, ಕೀಲುಕುದುರೆ!" ಎಂದು ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಜಾತ್ರೆಯಲ್ಲಿ ತೇರಿನ ಮುಂದೆ ಬರುವುದನ್ನು ನೋಡಿದ್ದೆನೇ ಹೊರತು ಗಿಟಾರಿನ ಜೊತೆ ನೋಡಿರಲಿಲ್ಲ. ಮೊಮ್ಮಗಳಿಗೆ ಅದು ಬರೀ ತಮಾಷೆಯ ವೇಷ. ಅವಳಿಗೆ ಕೀಲುಕುದುರೆ ಎಂದರೇನೆಂದು ನಾನು ಹೇಳಿದೆ. ಒಳಗಿನ ಬಿದಿರಿನ ಚೌಕಟ್ಟು, ಹೆಗಲಿಗೆ ತೂಗುವ ಹಗ್ಗ, ಕುದುರೆ ರಾಜನದಾದರೂ ಕಾಲು ಮಾತ್ರ ಕುಣಿಯುವವನದು. ಅವಳು ಐಸ್‌ಲ್ಯಾಂಡ್ ಕಲಿಸಿದಳು, ನಾನು ಕೀಲುಕುದುರೆ ಕಲಿಸಿದೆ. ಖಾತೆ ಎರಡೂ ಕಡೆ ತಾಳೆಯಾಯಿತು.

ಅವರ ಮೊದಲ ಆಲ್ಬಂ 2009ರಲ್ಲಿ ಬಂದದ್ದು. ಹಿಂದಿಯ ಜೊತೆ 'ಈ ಭೂಮಿ', 'ಜಂಬ' ಎಂಬ ಕನ್ನಡ ಹೆಸರಿನ ಹಾಡುಗಳೂ ಇವೆ. 'ಪ್ಯಾಸಿ' ಎಂಬುದು ಕಾವೇರಿಯನ್ನು ಕುರಿತದ್ದು. ನಮ್ಮ ತಾಲೂಕಿಗೆ ಹೇಮಾವತಿ ನಾಲೆಯ ನೀರು ಯಾವಾಗ ಬಿಡುತ್ತಾರೆಂದು ಕಾಯುವ ನಮಗೆ ಹೊಳೆಯ ಹಾಡನ್ನು ಯಾರೂ ವಿವರಿಸಬೇಕಿಲ್ಲ. ಅದೇ ವರ್ಷ ಜಾನ್ ಲೆಕ್ಕಿ ಎಂಬ ಇಂಗ್ಲೆಂಡಿನ ಧ್ವನಿಮುದ್ರಣದ ನಿಪುಣರು ನಮ್ಮ ದೇಶದ ನಾಲ್ಕು ತಂಡಗಳ ಹಾಡು ಮುದ್ರಿಸಿದಾಗ ಸ್ವರಾತ್ಮವೂ ಅದರಲ್ಲಿತ್ತು.

ಆಮೇಲೆ ಅವಳು ಇನ್ನೊಂದು ಹಾಕಿದಳು. ಎರಡು ಸಾಲು ಕೇಳುವಷ್ಟರಲ್ಲಿ ನನ್ನ ಬಾಯಲ್ಲಿ ಮೂರನೇ ಸಾಲು ಬಂದುಬಿಟ್ಟಿತು. ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದ! ಹಾಡುತ್ತಿದ್ದವರು ವಾಸು ಅವರ ಅಣ್ಣ ರಘು ದೀಕ್ಷಿತ್. ಅವರ ತಂಡದ ಮೊದಲ ಆಲ್ಬಂ 2008ರದು. ಅದರಲ್ಲಿ ಶರೀಫರ ಎರಡು ಪದಗಳಿವೆ, ಇದೊಂದು, ಗುಡುಗುಡಿಯ ಪದ ಇನ್ನೊಂದು. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ, ಹಿಡಿದದ್ದು ಗಿಟಾರು. ಅದೇ 2008ರ 'ಸೈಕೋ' ಚಿತ್ರದಲ್ಲಿ ಮಾದೇಶ್ವರನ ಪದವನ್ನು ಊರೂರಿನ ಬಸ್ಸುಗಳಲ್ಲಿ ಕೂಗಿಸಿದವರೂ ಇವರೇ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ ಏರಿದರು.

ನನಗೆ ಶರೀಫರು ಬಂದದ್ದು ಸಿ. ಅಶ್ವಥ್ ಅವರ ಕಂಠದಿಂದ. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂದಾಗ ಮನೆಯಾಕೆಯ ಜೊತೆ ಹೋಗಿ ನೋಡಿ, ಬರುವಾಗ ಕ್ಯಾಸೆಟ್ಟು ಕೊಂಡೇ ಬಂದಿದ್ದೆ. ಅದರ ಪದಗಳನ್ನು ಭಜನೆಗೂ ಅಳವಡಿಸಿಕೊಂಡೆವು. 1819ರಲ್ಲಿ ಧಾರವಾಡ ಸೀಮೆಯ ಶಿಶುವಿನಹಾಳದಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರ ಶಿಷ್ಯರಾಗಿ, 1889ರವರೆಗೆ ಬಾಳಿದ ಆ ಶರೀಫಜ್ಜ ಏಕತಾರಿಯ ಜೊತೆ ಹಾಡುವಂಥ ಪದಗಳನ್ನು ಕಟ್ಟಿದರು. ಅವು ನಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನೂ ಹಾದು ವಿದ್ಯುತ್ ಗಿಟಾರಿಗೆ ಬಂದಿವೆ. ಕೆಲವು ಗೆಳೆಯರು ಇದನ್ನು ಕೇಳಿ ಮುಖ ಸಿಂಡರಿಸಿದರು. ನನಗೂ ಅಶ್ವಥ್ ಹಾಡಿದ್ದೇ ಹೆಚ್ಚು ಇಷ್ಟ. ಆದರೆ ಮೊಮ್ಮಗಳಿಗೆ ಶರೀಫರ ಪದ ಬಾಯಿಪಾಠ ಬರುತ್ತದೆ. ಅದು ನನ್ನ ಕ್ಯಾಸೆಟ್ಟಿನಿಂದ ಆದದ್ದಲ್ಲ, ಆ ಗಿಟಾರಿನಿಂದ ಆದದ್ದು.

"ಆ ಹಾಡಿನ ಮಾಳಿಗೆ ಯಾವುದು ಗೊತ್ತೇನು?" ಎಂದೆ.

"ಮನೆ ಮೇಲಿಂದಲ್ವಾ?"

"ಅಲ್ಲ ಕಣಮ್ಮ. ಈ ದೇಹಾನೂ ಒಂದು ಮನೆ ಅಂತ ಹೇಳ್ತಾರೆ ಅವರು. ಸೋರ್ತಾ ಇದೆ, ಯಾರೂ ನೋಡ್ಕೊಳ್ಳೋರಿಲ್ಲ ಅಂತ."

ಅವಳು ಯೋಚಿಸಿ ಹೇಳಿದಳು, "ಐಸ್‌ಲ್ಯಾಂಡ್ ಹಾಡಲ್ಲೂ ಮನೆ, ಇದ್ರಲ್ಲೂ ಮನೆ." ಇಷ್ಟು ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಏಣಿ ಹಾಕಿ ಅವಳೇ ಅಟ್ಟ ಹತ್ತಿದಳು. ಗೋಣಿಚೀಲ ಇಳಿಯಿತು. ಬಿಚ್ಚಿದರೆ ತಿದಿಯ ಒಂದು ಮಡಿಕೆಯನ್ನು ಇಲಿ ಕಡಿದಿತ್ತು. ಬೆರಳಿಡುವ ಪಟ್ಟಿಗಳಿಗೆ ನಾವು ಮನೆ ಎನ್ನುತ್ತೇವೆ, ಅದರಲ್ಲಿ ನಾಲ್ಕು ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ. ಒಳಗೆಲ್ಲ ತೆಂಗಿನ ನಾರಿನ ಧೂಳು. ಪೆಟ್ಟಿಗೆಯನ್ನು ತಿಪಟೂರಿಗೆ ಬಸ್ಸಿನಲ್ಲಿ ಒಯ್ದೆವು, ಅವಳ ತೊಡೆಯ ಮೇಲೆ ಇಟ್ಟುಕೊಂಡು. ರಿಪೇರಿಯವರು ತಿದಿಗೆ ಹೊಸ ತೊಗಲು ಅಂಟಿಸಿ, ರೀಡುಗಳನ್ನು ಒರೆಸಿ, ಐದು ದಿನ ಬಿಟ್ಟು ಕೊಟ್ಟರು. ತಗುಲಿದ ಖರ್ಚು ಹೇಳಿದರೆ ಮಗ ಬೈಯುತ್ತಾನೆ.

ಸಂಜೆ ಜಗುಲಿಯಲ್ಲಿ ಕೂತು ಐಸ್‌ಲ್ಯಾಂಡಿನ ಆ ಕಹಳೆಯ ತುಣುಕನ್ನು ಹುಡುಕಿದೆ. ಎಲ್ಲವೂ ಬಿಳಿ ಮನೆಗಳಲ್ಲೇ ಸಿಕ್ಕಿತು, ಕರಿ ಮನೆ ಮುಟ್ಟಬೇಕಾಗಲಿಲ್ಲ. ನಾನು ತಡವರಿಸಿದಾಗ ಮೊಮ್ಮಗಳು ಉಂಡೆ ಕೊಬ್ಬರಿಯ ಕಾಯಿಯೊಂದನ್ನು ಅಲ್ಲಾಡಿಸಿ ಲೊಡಲೊಡ ತಾಳ ಹಾಕಿದಳು, "ಹೇ" ಎಂದು ಕೂಗಿದಳು. ದಾರಿಯಲ್ಲಿ ಹೋಗುತ್ತಿದ್ದ ಭಜನೆಯ ತಬಲದ ಗೆಳೆಯ ಒಳಗೆ ಬಂದು, "ಏನಯ್ಯ, ಬೆರಳು ನೋವು ವಾಸಿಯಾಯ್ತೇನು?" ಎಂದ. ಅವನಿಗೆ ಕಾಫಿ ಕೊಟ್ಟೆ. ಆ ಶನಿವಾರ ಮೂವರೂ ಭಜನೆಗೆ ಹೋದೆವು. ಹಿಂದಿನ ಸಾಲಿನಲ್ಲಿ ಅಜ್ಜಿಯ ತಾಳ ಹಿಡಿದು ಕೂತಿದ್ದವಳು ಮೊಮ್ಮಗಳು. ನಾನು ಎರಡು ಕಡೆ ಲಯ ಬಿಟ್ಟೆ. ಎರಡು ಸಲವೂ ಹಿಂದಿನ ತಾಳ ಜೋರಾಯಿತು.

ಶಾಲೆ ಶುರುವಾಗಿ ಅವಳು ಬೆಂಗಳೂರಿಗೆ ಹೋದಳು. ಈಗ ಶನಿವಾರ ರಾತ್ರಿ ಒಂಬತ್ತೂವರೆಗೆ ಫೋನು ಬರುತ್ತದೆ.

"ತಾತ, ಇವತ್ತು ನುಡಿಸಿದ್ಯಾ?"

"ನುಡಿಸಿದೆ ಕಣಮ್ಮ. ಮೇಲಿನ ಒಂದು ಮನೆ ಇನ್ನೂ ಕೀಚ್ ಅಂತಿದೆ."

"ಅಜ್ಜಿಗೆ ಹೇಳಿದ್ಯಾ?"

"ಹೇಳ್ದೆ. ಬೆಳಿಗ್ಗೆ ಕಾಫಿ ಕಾಯಿಸುವಾಗ."